ಕಿಟ್ಟೆಲ್ ಎಂಬ ಹೆಸರಿನ ಹಿಂದೆ

ಭದ್ರಾ ನದಿಯ ದಡದಲ್ಲಿರುವ ಹೊಳೆಹೊನ್ನೂರಿನ ಹೆಸರನ್ನು ಬಿಡಿಸಿದರೆ ಹೊಳೆ, ಹೊನ್ನು, ಊರು ಎಂಬ ಮೂರು ಅಚ್ಚಗನ್ನಡ ಮಾತುಗಳು ದೊರೆಯುತ್ತವೆ. ಈ ಮೂರರ ಅರ್ಥವನ್ನು ಅರಸುವ ಅಭ್ಯಾಸಿಗಳು ಇಂದಿಗೂ ಮೊರೆಹೋಗುವುದು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ನಿಘಂಟಿಗೆ. ಸುಮಾರು 70,000 ಶಬ್ದಗಳ ಆ ಮಹಾಗ್ರಂಥ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅಷ್ಟೊಂದು ಶಬ್ದಗಳ ಬೇರನ್ನು ಕೆದಕಿದ ಮಹನೀಯರ ಸ್ವಂತ ಹೆಸರಿನ ಬೇರು ಯಾವುದು?

ಜರ್ಮನ್ ಭಾಷೆಯಲ್ಲಿ 'ಕಿಟ್ಟೆಲ್' ಎಂದರೆ ದುಡಿಮೆಗಾರರು ತೊಡುವ ಸಡಿಲವಾದ ಮೇಲಂಗಿ. ಅದನ್ನು ಹೊಲಿಯುವವನಿಗೋ, ಸದಾ ಅದನ್ನೇ ತೊಟ್ಟು ತಿರುಗುವವನಿಗೋ ಹಿಂದೆಂದೋ ಊರವರು ಇಟ್ಟ ಅಡ್ಡಹೆಸರು ಮಕ್ಕಳು ಮೊಮ್ಮಕ್ಕಳಿಗೆ ಅಂಟಿಕೊಂಡು ಮನೆತನದ ಹೆಸರಾಯಿತು. ನಮ್ಮಲ್ಲಿ ಜವಳಿ, ಬಡಿಗೇರ ಎಂಬ ಮನೆತನಗಳಿಲ್ಲವೆ? ಹಾಗೆಯೇ. ಜರ್ಮನಿಯ ವೈದ್ಯರು ತೊಡುವ ಬಿಳಿಯ ಕೋಟಿಗೂ ಇಂದು ಇದೇ ಹೆಸರು!

ಕಿಟ್ಟೆಲರು 1832ರಲ್ಲಿ ಜನಿಸಿದುದು ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ. ಆ ಸೀಮೆಯ ಹಳೆಯ ರೂಢಿ ವಿಚಿತ್ರವಾದುದು. ಅಲ್ಲಿ ತಂದೆಯ ಹೆಸರೇ ಮಗನ ಹೆಸರಿನ ಬಾಲ. ತಲೆಮಾರಿಗೊಮ್ಮೆ ಅದು ಬದಲಾಗುತ್ತಿತ್ತು. ಸ್ಥಿರವಾದ ಮನೆತನದ ಹೆಸರು ಕಡ್ಡಾಯವಾದುದು 1811ರಲ್ಲಿ, ನೆಪೋಲಿಯನ್ನನ ಆಜ್ಞೆಯಿಂದ.

ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಅವರು 1853ರಲ್ಲಿ ಭಾರತಕ್ಕೆ ಬಂದರು. 1877ರಲ್ಲಿ ತಾಯ್ನಾಡಿಗೆ ಮರಳಿದವರು ನಿಘಂಟಿನ ಹಂಬಲ ಬಿಡದೆ, ಐವತ್ತು ದಾಟಿದ ಮೇಲೆ, 1883ರಲ್ಲಿ ಮತ್ತೆ ಹಡಗು ಹತ್ತಿದರು. ಟ್ಯೂಬಿಂಗೆನ್ನಿನಲ್ಲಿ 1903ರಲ್ಲಿ ತೀರಿಕೊಂಡರು. ಅಂಗಿಯ ಹೆಸರು ಮಾತ್ರ ಕನ್ನಡ ನಾಡಿನಲ್ಲಿ ಪುಸ್ತಕದ ಹೆಸರಾಗಿ ಉಳಿದಿದೆ. ಅರಿಯದ ಮಾತು ಎದುರಾದಾಗ ಪಂಡಿತರು ಹೇಳುವುದು ಇಷ್ಟೇ: "ಕಿಟ್ಟೆಲ್ ನೋಡಿ."