ಯಕೃತ್ತಿನ ಬಾಗಿಲಲ್ಲಿ ರಕ್ತದ ಒತ್ತಡ

ಬಿ.ಪಿ. ನೋಡಿಸಿಕೊಳ್ಳುವುದೆಂದರೆ ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಕ್ಷಣಕಾಲ ಸುಮ್ಮನೆ ಕುಳಿತಿರುವುದೆಂದು ಈಗ ಹಳ್ಳಿಹಳ್ಳಿಯ ವೃದ್ಧರೂ ಬಲ್ಲರು. ಆದರೆ ಶರೀರದಲ್ಲಿ ಇನ್ನೊಂದು ರಕ್ತದೊತ್ತಡವುಂಟು. ತೋಳಿನ ಪಟ್ಟಿಗೆ ಅದು ಎಂದಿಗೂ ಸಿಕ್ಕದು. ಜಠರ, ಕರುಳು, ಮೇದೋಜ್ಜೀರಕ ಗ್ರಂಥಿ, ಗುಲ್ಮ ಇವುಗಳಿಂದ ಹೊರಟ ರಕ್ತವು, ಉಳಿದ ಅವಯವಗಳ ರಕ್ತದಂತೆ ನೆಟ್ಟಗೆ ಹೃದಯಕ್ಕೆ ಮರಳದೆ, ದ್ವಾರಸಿರೆಯೆಂಬ ಒಂದೇ ನಾಳದಲ್ಲಿ ಕೂಡಿಕೊಂಡು ಮೊದಲು ಯಕೃತ್ತನ್ನು, ಎಂದರೆ ನಮ್ಮ ಆಡುಮಾತಿನ ಲಿವರನ್ನು ಹೊಕ್ಕು, ಅಲ್ಲಿಯ ಅಸಂಖ್ಯ ಸೂಕ್ಷ್ಮ ನಾಳಗಳಲ್ಲಿ ಸೋಸಿಹೋದ ಮೇಲೆಯೇ ಹೃದಯದ ದಾರಿ ಹಿಡಿಯುವುದು. ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಈ ದ್ವಾರಸಿರೆಯದೇ. ಆದರೂ ಆರೋಗ್ಯವಂತರ ಯಕೃತ್ತು ಅದೆಷ್ಟು ಮೃದುವಾಗಿರುವುದೆಂದರೆ, ಇಷ್ಟು ರಕ್ತ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವುದಕ್ಕೆ ಬೇಕಾಗುವ ಒತ್ತಡದ ಅಂತರ ಪಾದರಸದ ೧ ರಿಂದ ೫ ಮಿಲಿಮೀಟರ್ ಮಾತ್ರ. ತೋಳಿನಲ್ಲಿ ಕಾಣುವ ೧೨೦ರ ಮುಂದೆ ಅದು ಗಣನೆಗೇ ಬಾರದು.

ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಮಧುಮೇಹ ಸ್ಥೂಲಕಾಯಗಳ ಬೆನ್ನಿಗೇ ಬರುವ ಕೊಬ್ಬು, ಕಾರಣ ಯಾವುದಾದರೂ ಆಗಲಿ, ವರ್ಷಗಟ್ಟಲೆ ನೊಂದ ಯಕೃತ್ತು ತನ್ನ ಗಾಯಗಳನ್ನು ನಾರಿನಂಥ ಅಂಗಾಂಶದಿಂದ ಮುಚ್ಚಿಕೊಳ್ಳುತ್ತ ಬಂದು, ಕಡೆಗೆ ಗಂಟುಗಂಟಾಗಿ ಬಿಗಿದುಕೊಂಡ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ಆಗ, ತೂಬಿಗೆ ಹೂಳು ಕಟ್ಟಿದ ಕೆರೆಯಲ್ಲಿ ನೀರು ಏರುತ್ತ ಹೋಗಿ ಏರಿಯ ದುರ್ಬಲವಾದ ಕಡೆಯನ್ನು ಹುಡುಕಿಕೊಂಡು ಜಿನುಗತೊಡಗುವಂತೆ, ದ್ವಾರಸಿರೆಯ ರಕ್ತವೂ ಹಿಂದಕ್ಕೊತ್ತಿ, ಅನ್ನನಾಳದ ಕೆಳತುದಿಯ ಮತ್ತು ಜಠರದ ಮೇಲ್ಭಾಗದ ಸಣ್ಣ ಸಿರೆಗಳನ್ನೇ ತನ್ನ ಅಡ್ಡದಾರಿಯಾಗಿ ಮಾಡಿಕೊಳ್ಳುತ್ತದೆ. ಉಬ್ಬಿಕೊಂಡ ಈ ಸಿರೆಗಳು ಒಡೆದರೆ ರಕ್ತವಾಂತಿ. ಇಂದಿನ ಚಿಕಿತ್ಸೆಯ ಕಾಲದಲ್ಲಿಯೂ ಹಾಗೆ ರಕ್ತ ಕಾರಿದವರಲ್ಲಿ ನೂರಕ್ಕೆ ೧೫ ರಿಂದ ೨೦ ಮಂದಿ ಆರು ವಾರಗಳೊಳಗಾಗಿ ಅಸುನೀಗುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬುವ ಜಲೋದರಕ್ಕೂ ಮೂಲ ಇದೇ ಒತ್ತಡ. ವಿಷಾದದ ಸಂಗತಿಯೆಂದರೆ, ಈ ಅನಾಹುತಗಳು ಎದ್ದು ತೋರುವವರೆಗೆ ರೋಗಿಗೆ ಅನೇಕ ವೇಳೆ ಯಾವ ನೋವೂ ಇರುವುದಿಲ್ಲ.

ಒತ್ತಡವನ್ನು ಅಳೆಯುವ ಮಾರ್ಗವೇ ಇಲ್ಲವೆಂದಲ್ಲ. ೧೯೫೧ರಲ್ಲಿ ಮಯರ್ಸ್ ಮತ್ತು ಟೇಲರ್ ಎಂಬ ವೈದ್ಯರು ವರ್ಣಿಸಿದ ಕ್ರಮವು ಕಾಲಕ್ರಮದಲ್ಲಿ ಪರಿಷ್ಕಾರಗೊಂಡು ಇಂದಿಗೂ ಈ ವಿಷಯದಲ್ಲಿ ಪರಮಪ್ರಮಾಣವಾಗಿ ನಿಂತಿದೆ. ಕುತ್ತಿಗೆಯ ಸಿರೆಯೊಂದರಿಂದ ತೆಳುವಾದ ನಾಳವನ್ನು ತೂರಿಸಿ, ಹೃದಯದ ಬಲಭಾಗವನ್ನು ದಾಟಿಸಿ, ಯಕೃತ್ತಿನಿಂದ ರಕ್ತ ಹೊರಬೀಳುವ ಸಿರೆಯೊಳಕ್ಕೆ ಇಳಿಸಿ, ತುದಿಯ ಪುಟ್ಟ ಬಲೂನನ್ನು ಉಬ್ಬಿಸಿ ಆ ಸಿರೆಯನ್ನು ಮುಚ್ಚಿದಾಗ ತೋರುವ ಒತ್ತಡವೊಂದನ್ನೂ, ಬಲೂನನ್ನು ಇಳಿಸಿದಾಗ ತೋರುವ ಇನ್ನೊಂದನ್ನೂ ಗುರುತಿಸಿಕೊಂಡು, ಎರಡರ ಅಂತರವನ್ನು ತೆಗೆಯುತ್ತಾರೆ. ಈ ಅಂತರ ೫ನ್ನು ಮೀರಿದರೆ ಒತ್ತಡ ಏರಿದೆಯೆಂದೂ, ೧೦ನ್ನು ಮುಟ್ಟಿದರೆ ಉಬ್ಬುಸಿರೆ ಜಲೋದರಾದಿಗಳು ತಲೆದೋರುವ ಕಾಲ ಬಂದಿತೆಂದೂ, ೧೨ ಆದರೆ ಸಿರೆ ಒಡೆಯುವ ಭಯವುಂಟೆಂದೂ ತಿಳಿಯತಕ್ಕದ್ದು. ಹತ್ತೆಂಬ ಈ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದಿನ ವಿಚಾರವೆಲ್ಲ ಅದರ ಸುತ್ತಲೇ ತಿರುಗುವಂಥದು. ಪರೀಕ್ಷೆ ಅಪಾಯಕರವೇನಲ್ಲ. ಆದರೆ ಅದಕ್ಕೆ ಬೇಕಾದ ಯಂತ್ರೋಪಕರಣ, ನುರಿತ ಕೈ, ಹಣ ಈ ಮೂರೂ ದೊಡ್ಡ ಆಸ್ಪತ್ರೆಗಳಲ್ಲಲ್ಲದೆ ಒಂದೆಡೆ ಕೂಡುವುದು ಅಪರೂಪ.

ಆದುದರಿಂದಲೇ ಸೂಜಿ ನಾಳಗಳ ಗೊಡವೆಯಿಲ್ಲದೆ, ಹೊರಗಿನಿಂದಲೇ ಒತ್ತಡವನ್ನು ಊಹಿಸುವ ಉಪಾಯಗಳಿಗಾಗಿ ವೈದ್ಯಲೋಕ ಹಂಬಲಿಸಿದ್ದು. ಹಂಬಲವೇನೂ ಹೊಸದಲ್ಲ. ಎಡಪಕ್ಕೆಯ ಕೆಳಗೆ ಬೆರಳಿಟ್ಟು, ಉಸಿರೆಳೆದುಕೊಳ್ಳಿರೆಂದು ಹೇಳಿ, ಊದಿದ ಗುಲ್ಮದ ಅಂಚು ಬೆರಳಿಗೆ ತಾಕುವುದೋ ಎಂದು ಕಾಯುತ್ತಿದ್ದ ಹಳೆಯ ವೈದ್ಯನೂ ಮಾಡುತ್ತಿದ್ದುದು ಅದನ್ನೇ. ಏಕೆಂದರೆ ದ್ವಾರಸಿರೆಯಲ್ಲಿ ಒತ್ತಡ ಹೆಚ್ಚಿದರೆ ಅದಕ್ಕೆ ರಕ್ತ ಸುರಿಯುವ ಗುಲ್ಮ ತುಂಬಿಕೊಂಡು ಹಿಗ್ಗಲೇಬೇಕಷ್ಟೆ. ಆದರೆ ಗುಲ್ಮ ಹಿಗ್ಗುವುದಕ್ಕೆ ಬೇರೆ ಕಾರಣಗಳೂ ಉಂಟು. ಮಲೇರಿಯಾ ಮನೆಮಾಡಿದ್ದ ಕಾಲದ ಮಲೆನಾಡಿನಲ್ಲಿ ಜ್ವರಗಡ್ಡೆಯ ಹೊಟ್ಟೆ ಕಂಡವರನ್ನೆಲ್ಲ ಸಿರೋಸಿಸ್ ರೋಗಿಗಳೆಂದು ಎಣಿಸಿದ್ದರೆ ಏನಾಗುತ್ತಿತ್ತು! ಹಿಗ್ಗಿದ ಗುಲ್ಮವು ಪ್ಲೇಟ್‌ಲೆಟ್ ಕಣಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ರಕ್ತದಲ್ಲಿ ಅವುಗಳ ಸಂಖ್ಯೆ ಇಳಿಯುತ್ತದೆ. ಡೆಂಗಿಯ ದೆಸೆಯಿಂದ ಪ್ಲೇಟ್‌ಲೆಟ್ ಎಣಿಕೆ ಈಗ ನಮ್ಮಲ್ಲಿ ಮನೆಮಾತಾಗಿದೆಯಾದರೂ, ದಿನದಿಂದ ದಿನಕ್ಕೆ ಕುಸಿಯುವ ಡೆಂಗಿಯ ಪ್ಲೇಟ್‌ಲೆಟ್ ಬೇರೆ, ಜ್ವರವಿಲ್ಲದೆ ವರ್ಷಾನುವರ್ಷ ಒಂದೂವರೆ ಲಕ್ಷದ ಕೆಳಗೆ ಸದ್ದಿಲ್ಲದೆ ನಿಂತುಬಿಡುವ ಪ್ಲೇಟ್‌ಲೆಟ್ ಬೇರೆ. ಎರಡನೆಯದನ್ನು ಯಾರೂ ಲೆಕ್ಕಿಸದಿರುವುದೇ ಹೆಚ್ಚು.

ಹೊಸ ಕಾಲದ ಉಪಕರಣವು ಫ್ರಾನ್ಸಿನಿಂದ ಬಂದುದು. ೨೦೦೩ರಲ್ಲಿ ಲೊರಾಂ ಸಾಂದ್ರ್ಯಾಂ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಈ ವಿಧಾನದ ಯಂತ್ರಕ್ಕೆ ಫೈಬ್ರೊಸ್ಕ್ಯಾನ್ ಎಂದು ಹೆಸರು. ಬಲಪಕ್ಕೆಯ ಎಲುಬುಗಳ ನಡುವೆ ಒಂದು ದಂಡವನ್ನಿಟ್ಟು ಗುಂಡಿಯೊತ್ತಿದರೆ, ಅದರ ತುದಿ ಚರ್ಮವನ್ನು ಮೆಲ್ಲನೆ ಒಮ್ಮೆ ತಟ್ಟುತ್ತದೆ. ಆ ತಟ್ಟಿನಿಂದೆದ್ದ ಅಲೆ ಯಕೃತ್ತಿನೊಳಗೆ ಸಾಗುವುದನ್ನು ಅದೇ ದಂಡದಿಂದ ಹೊರಟ ಅಲ್ಟ್ರಾಸೌಂಡ್ ಬೆನ್ನಟ್ಟಿ ನೋಡಿ ವೇಗವನ್ನು ಗುಣಿಸುತ್ತದೆ. ಮೃದುವಾದ ಯಕೃತ್ತಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು. ಬಹಳ ಗಟ್ಟಿಯಾದುದರಲ್ಲಿ ಮೂರು ಮೀಟರಿನ ಸಮೀಪ. ಈ ವೇಗವನ್ನು ಗಡಸುತನಕ್ಕೆ ಪರಿವರ್ತಿಸಿ ಕಿಲೋಪ್ಯಾಸ್ಕಲ್ ಎಂಬ ಮಾನದಲ್ಲಿ ಹೇಳುತ್ತಾರೆ. ಆರೋಗ್ಯವಂತರಲ್ಲಿ ಅದು ೫ರ ಆಸುಪಾಸು. ಹತ್ತು ಸಲ ತಟ್ಟಿ ನಡುವಿನ ಅಂಕಿಯನ್ನು ಆಯುವ ಈ ವ್ಯವಹಾರವೆಲ್ಲ ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ.

ಗಮನಿಸಬೇಕಾದ ಸೂಕ್ಷ್ಮವೊಂದು ಇಲ್ಲಿದೆ. ಯಂತ್ರ ಅಳೆದದ್ದು ಗಡಸುತನವನ್ನು, ಒತ್ತಡವನ್ನಲ್ಲ. ಒತ್ತಡ ಹತ್ತು ಹನ್ನೆರಡನ್ನು ಮುಟ್ಟುವವರೆಗೆ ಅದಕ್ಕೆ ಮುಖ್ಯ ಕಾರಣ ಯಕೃತ್ತಿನ ಗಡಸುತನವೇ ಆಗಿರುವುದರಿಂದ ಎರಡೂ ಜೊತೆಜೊತೆಯಾಗಿ ಏರುತ್ತವೆ. ಅಲ್ಲಿಂದಾಚೆಗೆ ಕರುಳಿನ ರಕ್ತನಾಳಗಳು ಹಿಗ್ಗಿ, ಮೊದಲೇ ಇಕ್ಕಟ್ಟಾದ ದಾರಿಗೆ ಇನ್ನಷ್ಟು ರಕ್ತವನ್ನು ತಂದು ಸುರಿಯತೊಡಗುವುದರಿಂದ, ಗಡಸುತನ ಇದ್ದಲ್ಲೇ ಇದ್ದರೂ ಒತ್ತಡ ಏರಬಹುದು. ಎಂದಮೇಲೆ, ಹತ್ತರ ಗಡಿ ದಾಟಿತೇ ಇಲ್ಲವೇ ಎಂಬ ಪ್ರಶ್ನೆಗೆ ಈ ಯಂತ್ರ ಉತ್ತರ ಕೊಡಬಲ್ಲುದೇ ಹೊರತು, ದಾಟಿ ಎಷ್ಟು ದೂರ ಹೋಯಿತೆಂಬುದಕ್ಕಲ್ಲ.

ಇಟಲಿಯ ಮಜ್ಜೊರೆ ಸರೋವರದ ದಡದಲ್ಲಿರುವ ಬವೇನೊ ಎಂಬ ಊರಿನ ಹೆಸರಿನಲ್ಲಿ ೧೯೯೦ರಿಂದ ಆಗಾಗ ಸೇರುತ್ತ ಬಂದ ತಜ್ಞರ ಸಭೆ ಈ ಮರ್ಮವನ್ನು ಅರಿತೇ ಸೂತ್ರಗಳನ್ನು ಕಟ್ಟಿದೆ. ಗಡಸುತನ ೨೦ ಕಿಲೋಪ್ಯಾಸ್ಕಲಿಗಿಂತ ಕಡಮೆಯಾಗಿ, ಪ್ಲೇಟ್‌ಲೆಟ್ ಒಂದೂವರೆ ಲಕ್ಷವನ್ನು ಮೀರಿದ್ದರೆ, ಉಬ್ಬುಸಿರೆಗಳನ್ನು ಹುಡುಕಲು ಎಂಡೋಸ್ಕೊಪಿ ಅನಾವಶ್ಯಕವೆಂದು ೨೦೧೫ರಲ್ಲಿ ಅದು ಹೇಳಿತು. ೨೦೨೧ರಲ್ಲಿ ಮುಂದೆ ಹೋಗಿ, ಗಡಸುತನ ೧೫ಕ್ಕೆ ಮೀರದೆ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕೆ ಕಡಮೆಯಾಗದಿದ್ದರೆ ಒತ್ತಡ ಹತ್ತನ್ನು ಮುಟ್ಟಿಲ್ಲವೆಂದೂ, ಗಡಸುತನ ೨೫ ಅಥವಾ ಹೆಚ್ಚಾಗಿದ್ದರೆ ಮುಟ್ಟಿದೆಯೆಂದೂ ತೀರ್ಮಾನಿಸಬಹುದೆಂದಿತು. ಎರಡನೆಯದು ಸ್ಥೂಲಕಾಯದ ಕೊಬ್ಬಿನ ಯಕೃತ್ತಿನವರಿಗೆ ಅಷ್ಟು ನೆಚ್ಚಿಕೆಯಿಂದ ಅನ್ವಯಿಸದು. ಹದಿನೈದಕ್ಕೂ ಇಪ್ಪತ್ತೈದಕ್ಕೂ ನಡುವೆ ಬಿದ್ದವರ ಗತಿ? ಅವರು ಸಂದಿಗ್ಧದಲ್ಲಿಯೇ ಉಳಿಯುತ್ತಾರೆ, ಮತ್ತು ಅಂಥವರು ಅನೇಕರು. ಅಂಕಿಯಿದ್ದಮೇಲೆ ನಿಶ್ಚಯವೂ ಇರಬೇಕೆಂದು ಭಾವಿಸಿ ವರದಿಯನ್ನು ಕೈಯಲ್ಲಿ ಹಿಡಿದು ಕಳವಳಪಡುವ ರೋಗಿಗೆ, ನಿಮ್ಮ ಅಂಕಿ ಏನನ್ನೂ ಖಚಿತವಾಗಿ ಹೇಳುತ್ತಿಲ್ಲವೆಂದು ನುಡಿಯಬಲ್ಲ ವೈದ್ಯನೇ ಉತ್ತಮನೆಂದು ನನ್ನ ಎಣಿಕೆ.

ಹತ್ತರ ಗಡಿಗೆ ಇಷ್ಟೊಂದು ಮಹತ್ತ್ವವೇಕೆಂದರೆ, ಅಲ್ಲಿಂದಾಚೆಗೆ ಕೊಡಲು ಔಷಧವುಂಟು. ಹೃದ್ರೋಗಕ್ಕಾಗಿ ಹುಟ್ಟಿದ ಪ್ರೊಪ್ರನಲಾಲ್ ಗುಳಿಗೆ ಕರುಳಿನ ಕಡೆಯ ರಕ್ತಪ್ರವಾಹವನ್ನು ತಗ್ಗಿಸಿ ದ್ವಾರಸಿರೆಯ ಭಾರವನ್ನು ಇಳಿಸುವುದೆಂದು ೧೯೮೦ರ ಸುಮಾರಿನಲ್ಲಿ ಪ್ಯಾರಿಸಿನ ದಿದಿಯೆ ಲೆಬ್ರೆಕ್ ತೋರಿಸಿದ್ದರು. ಬಹುಕಾಲ ಅದು ಒಡೆದ, ಇಲ್ಲವೆ ಒಡೆಯಲಿರುವ ಸಿರೆಗಳಿಗೇ ಮೀಸಲಾಗಿತ್ತು. ೨೦೧೯ರಲ್ಲಿ ಸ್ಪೇನಿನ ವೈದ್ಯರು, ಒತ್ತಡ ಹತ್ತನ್ನು ಮುಟ್ಟಿದ್ದರೂ ಜಲೋದರ ರಕ್ತಸ್ರಾವಗಳಾವುವೂ ಇನ್ನೂ ಕಾಣಿಸಿಕೊಳ್ಳದಿದ್ದ ೨೦೧ ರೋಗಿಗಳಲ್ಲಿ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು: ಪ್ರೊಪ್ರನಲಾಲನ್ನೋ ಅದರ ಬಂಧುವಾದ ಕಾರ್ವೆಡಿಲಾಲನ್ನೋ ಪಡೆದವರಲ್ಲಿ ನೂರಕ್ಕೆ ೧೬ ಮಂದಿಯೂ, ಹುಸಿಗುಳಿಗೆ ಪಡೆದವರಲ್ಲಿ ೨೭ ಮಂದಿಯೂ ಕೇಡಿಗೊಳಗಾದರು ಅಥವಾ ಮೃತರಾದರು. ಆ ಪರೀಕ್ಷೆಯಲ್ಲಿ ಪ್ರತಿಯೊಬ್ಬರ ಒತ್ತಡವನ್ನೂ ಕುತ್ತಿಗೆಯ ನಾಳದಿಂದಲೇ ಅಳೆಯಬೇಕಾಯಿತು. ಹೊರಗಿನಿಂದ ನೋಡುವ ಮಾರ್ಗ ಇಲ್ಲದೆಹೋಗಿದ್ದರೆ ಈ ಅಗ್ಗದ ಗುಳಿಗೆಯ ಪ್ರಯೋಜನ ದುಬಾರಿ ಪರೀಕ್ಷೆಯ ಭಾಗ್ಯವುಳ್ಳವರಿಗಷ್ಟೇ ದಕ್ಕುತ್ತಿತ್ತು.

ಯಂತ್ರ ಮೋಸಹೋಗುವ ಸಂದರ್ಭಗಳೂ ಇವೆ. ಊಟವಾದ ಕೂಡಲೆ ಪರೀಕ್ಷಿಸಿದರೆ ಅಂಕಿ ಏರಿ ತೋರುವುದರಿಂದ ಮೂರು ತಾಸಾದರೂ ಹೊಟ್ಟೆ ಖಾಲಿಯಿರಬೇಕು. ಕಾಮಾಲೆಯ ತೀವ್ರ ಉರಿಯೂತ, ಪಿತ್ತನಾಳದ ತಡೆ, ಸೋತ ಹೃದಯ ಇವೂ ಯಕೃತ್ತನ್ನು ತಾತ್ಕಾಲಿಕವಾಗಿ ಗಟ್ಟಿಗೊಳಿಸುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಫೈಬ್ರೊಸ್ಕ್ಯಾನಿನ ಅಲೆ ಮುಂದೆ ಸಾಗುವುದೇ ಕಷ್ಟ. ಇದಕ್ಕೆ ವಿರುದ್ಧವಾದ ಮೋಸವೂ ಒಂದುಂಟು, ಅದು ನಮ್ಮ ದೇಶಕ್ಕೆ ಹೆಚ್ಚು ಸಂಬಂಧಿಸಿದ್ದು: ದ್ವಾರಸಿರೆಯೇ ಹೆಪ್ಪುಗಟ್ಟಿ ಮುಚ್ಚಿಹೋದ ಮಕ್ಕಳು ಭಾರತದಲ್ಲಿ ವಿರಳವಲ್ಲ, ಅವರ ಗುಲ್ಮ ದೊಡ್ಡದಾಗಿರುತ್ತದೆ, ಉಬ್ಬುಸಿರೆ ಒಡೆದು ರಕ್ತವೂ ಬರುತ್ತದೆ, ಆದರೆ ತಡೆ ಯಕೃತ್ತಿನ ಹೊರಗಿರುವುದರಿಂದ ಯಂತ್ರ ಸಹಜವೆಂಬಂಥ ಅಂಕಿಯನ್ನೇ ತೋರಿಸುತ್ತದೆ. ಬಲೂನಿನ ನಾಳ ಕೂಡ ಅಲ್ಲಿ ಸತ್ಯವನ್ನು ಹೇಳದು.

ಇತ್ತೀಚೆಗೆ ದೃಷ್ಟಿ ಮತ್ತೆ ಗುಲ್ಮದ ಕಡೆ ಹೊರಳಿದೆ. ತಡೆ ಎಲ್ಲಿಯೇ ಇರಲಿ, ಸುರಿಯುವ ರಕ್ತ ಎಷ್ಟೇ ಇರಲಿ, ಅದೆಲ್ಲದರ ಫಲವನ್ನು ಗುಲ್ಮ ಉಣ್ಣುತ್ತದೆಯಾದ್ದರಿಂದ, ಯಕೃತ್ತಿಗೆ ಮಾಡಿದಂತೆಯೇ ಗುಲ್ಮಕ್ಕೂ ಅಲೆಯನ್ನು ಕಳುಹಿಸಿ ಅದರ ಗಡಸುತನವನ್ನು ನೋಡುವುದು ಒತ್ತಡಕ್ಕೆ ಇನ್ನಷ್ಟು ಹತ್ತಿರವಾದ ಸಾಕ್ಷಿ. ಅದು ೨೧ಕ್ಕಿಂತ ಕಡಮೆಯಿದ್ದರೆ ಗಡಿ ದಾಟಿಲ್ಲವೆಂದೂ, ೫೦ನ್ನು ಮೀರಿದರೆ ದಾಟಿದೆಯೆಂದೂ ವೈರಾಣು ರೋಗಿಗಳ ವಿಷಯದಲ್ಲಿ ಬವೇನೊ ಸಭೆ ಒಪ್ಪಿದೆ. ಅದೇ ಸಭೆಯ ಮತ್ತೊಂದು ಮಾತು ಸಿರೋಸಿಸ್ ಎಂದೊಡನೆ ಕೈಚೆಲ್ಲುವವರು ಕೇಳಬೇಕಾದದ್ದು. ಹೆಪಟೈಟಿಸ್ ಸಿ ವೈರಾಣು ಗುಳಿಗೆಗಳಿಂದ ನಿರ್ಮೂಲವಾಗಿ, ಬಳಿಕ ಗಡಸುತನ ಇಳಿಯುತ್ತ ಬಂದು ೧೨ರ ಕೆಳಗೆ ನಿಂತು, ಪ್ಲೇಟ್‌ಲೆಟ್ ಒಂದೂವರೆ ಲಕ್ಷವನ್ನು ಮೀರಿದರೆ, ಕುಡಿತ ಬೊಜ್ಜುಗಳಂಥ ಬೇರೆ ಕಾರಣಗಳಿಲ್ಲದ ಪಕ್ಷದಲ್ಲಿ, ಆ ವ್ಯಕ್ತಿಯನ್ನು ದ್ವಾರಸಿರೆಯ ಒತ್ತಡದ ಕಾವಲಿನಿಂದ ಬಿಡುಗಡೆ ಮಾಡಬಹುದು. ಯಕೃತ್ತಿನ ಕ್ಯಾನ್ಸರಿಗಾಗಿ ಆರಾರು ತಿಂಗಳಿಗೊಮ್ಮೆ ಮಾಡಿಸುವ ಸ್ಕ್ಯಾನನ್ನು ಮಾತ್ರ ಅವರು ಬಿಡತಕ್ಕದ್ದಲ್ಲ.