ಗದುಗಿನ ಸ್ಪಿನ್ನರು, ಢಾಕಾದ ಗುರು

1997ರಲ್ಲಿ ಹಳೆಯ ಧಾರವಾಡ ಜಿಲ್ಲೆ ಒಡೆದು ಹಾವೇರಿ, ಗದಗ ಜಿಲ್ಲೆಗಳು ಹುಟ್ಟುವವರೆಗೆ ಬ್ಯಾಡಗಿಯೂ ಗದುಗೂ ಒಂದೇ ಮನೆಯ ಮಕ್ಕಳು. ಬ್ಯಾಡಗಿಯ ಹೆಸರನ್ನು ಅದರ ಕೆಂಪು ಮೆಣಸಿನಕಾಯಿ ನಾಡಿನ ಅಡಿಗೆಮನೆಗಳಿಗೆಲ್ಲ ಕೊಂಡೊಯ್ದಿತು. ಕುಮಾರವ್ಯಾಸನ ಗದುಗಿನ ಹೆಸರನ್ನು ಕ್ರಿಕೆಟ್ ಮೈದಾನಗಳಿಗೆ ಕೊಂಡೊಯ್ದವರು ಸುನೀಲ ಜೋಶಿ.

ಬಾಲ್ಯದಲ್ಲಿ ಅವರ ದಿನಚರಿ ಸುಲಭದ್ದಾಗಿರಲಿಲ್ಲ. ಬೆಳಿಗ್ಗೆ ಸುಮಾರು ಅರವತ್ತು ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡುವುದು. ಮರಳಿ ಗದುಗಿಗೆ ಬಂದು ಶಾಲೆಗೆ ಹೋಗುವುದು. ಆ ಶ್ರಮ ವ್ಯರ್ಥವಾಗಲಿಲ್ಲ. 1995-96ರ ರಣಜಿ ಋತುವೊಂದರಲ್ಲಿಯೇ ಈ ಎಡಗೈ ಸ್ಪಿನ್ನರು 529 ರನ್ನು ಹೊಡೆದು 52 ವಿಕೆಟ್ ಕಿತ್ತರು. ಪ್ರಶಸ್ತಿ ಕರ್ನಾಟಕದ ಪಾಲಾಯಿತು. ಮರುವರ್ಷಕ್ಕೂ ಕಾಯದೆ ಭಾರತ ತಂಡದ ಕರೆ ಬಂದಿತು. 1996ರ ಜೂನ್ 6ರಂದು, ತಮ್ಮ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನವೇ, ಅವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲ ಟೆಸ್ಟ್ ಆಡಲಿಳಿದರು. ಆದರೆ ವಿಧಿಯ ಚೇಷ್ಟೆ ನೋಡಿ: ಬೆರಳಿಗೆ ಪೆಟ್ಟಾಗಿ, ಆ ಪಂದ್ಯದಲ್ಲಿ ಒಂದು ಚೆಂಡನ್ನೂ ಎಸೆಯಲಾಗಲಿಲ್ಲ!

1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ದಾಂಡಿಗರು ಅವರ ಕೈಚಳಕವನ್ನು ಕಂಡರು. ಹತ್ತು ಓವರುಗಳಲ್ಲಿ ಆರು ಮೇಡನ್. ಕೊಟ್ಟ ರನ್ನು ಕೇವಲ 6, ಪಡೆದ ವಿಕೆಟ್ 5. ಮರುವರ್ಷ ನವೆಂಬರಿನಲ್ಲಿ ಬಾಂಗ್ಲಾದೇಶವು ಢಾಕಾದಲ್ಲಿ ತನ್ನ ಚೊಚ್ಚಲ ಟೆಸ್ಟ್ ಆಡಿ, ಮೊದಲ ಸರದಿಯಲ್ಲಿಯೇ 400 ರನ್ನು ಪೇರಿಸಿ ಭಾರತವನ್ನು ಬೆರಗುಗೊಳಿಸಿತು. ಆ ಇಕ್ಕಟ್ಟಿನಿಂದ ತಂಡವನ್ನು ಪಾರುಮಾಡಿದುದು ಜೋಶಿಯವರ 92 ರನ್ನು, 8 ವಿಕೆಟ್. ಪಂದ್ಯಶ್ರೇಷ್ಠ ಗೌರವವೂ ಅವರದೇ.

ಅಷ್ಟಾದರೂ ಅನಂತರ ಅವರಿಗೆ ದೊರೆತುದು ಎರಡೇ ಟೆಸ್ಟ್! ಕುಂಬ್ಳೆಯವರ ಸ್ಥಾನ ಭದ್ರವಾಗಿದ್ದಿತು. 2001ರಲ್ಲಿ ಹರಭಜನ್ ಸಿಂಗ್ ಮಿಂಚಿದರು. 15 ಟೆಸ್ಟ್, 41 ವಿಕೆಟ್ಟಿಗೆ ಲೆಕ್ಕ ನಿಂತಿತು. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ 615 ವಿಕೆಟ್ ಪಡೆದವರಿಗೆ ಇದು ಸಣ್ಣ ಪಾಲೆಂದೇ ಹೇಳಬೇಕು.

ಆಟ ಮುಗಿಸಿದ ಜೋಶಿಯವರು ಕೈಹಿಡಿದುದು ಬಲಾಢ್ಯ ತಂಡಗಳನ್ನಲ್ಲ. 2014ರ ಪ್ರವಾಹದಲ್ಲಿ ಶ್ರೀನಗರದ ಕ್ರೀಡಾಂಗಣವೇ ಮುಳುಗಿತ್ತು. ಅದೇ ಡಿಸೆಂಬರಿನಲ್ಲಿ ಅವರ ಶಿಕ್ಷಣದಲ್ಲಿದ್ದ ಜಮ್ಮು ಕಾಶ್ಮೀರದ ಹುಡುಗರು, ನಲವತ್ತು ಬಾರಿ ರಣಜಿ ಗೆದ್ದಿದ್ದ ಮುಂಬಯಿಯನ್ನು ಅದರ ವಾಂಖೆಡೆಯಲ್ಲಿಯೇ ಮಣಿಸಿದರು. 2017ರಲ್ಲಿ ಢಾಕಾ ಮತ್ತೆ ಕರೆಯಿತು. ಯಾರ ಚೊಚ್ಚಲ ಪಂದ್ಯದ ಸಂಭ್ರಮವನ್ನು ಅವರು ಕಸಿದಿದ್ದರೋ, ಅವರ ಸ್ಪಿನ್ನರುಗಳಿಗೇ ಈಗ ಅವರು ಗುರು. ಆ ಆಗಸ್ಟಿನಲ್ಲಿಯೇ ಬಾಂಗ್ಲಾದೇಶವು ಆಸ್ಟ್ರೇಲಿಯವನ್ನು ಟೆಸ್ಟಿನಲ್ಲಿ ಮೊದಲ ಸಲ, 20 ರನ್ನುಗಳಿಂದ, ಸೋಲಿಸಿತು. 2018ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಎರಡು ಟೆಸ್ಟುಗಳಲ್ಲಿ ಬಿದ್ದ ನಲವತ್ತು ವಿಕೆಟ್ಟುಗಳೂ ಸ್ಪಿನ್ನರುಗಳ ಬುಟ್ಟಿಗೇ!

2020ರ ಮಾರ್ಚಿನಲ್ಲಿ ಅವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆಸ್ಟ್ರೇಲಿಯ ಪ್ರವಾಸಕ್ಕೆ ಶುಭಮನ್ ಗಿಲ್, ಮಹಮ್ಮದ್ ಸಿರಾಜ್‌ರಂಥ ತರುಣರನ್ನು ಟೆಸ್ಟ್ ತಂಡಕ್ಕೆ ಆರಿಸಿದ್ದು ಈ ಸಮಿತಿಯೇ. ಆದರೆ ಹೆಚ್ಚು ಟೆಸ್ಟ್ ಆಡಿದವರಿಗೆ ಅಧ್ಯಕ್ಷ ಪದವಿ ಎಂಬ ನಿಯಮ ಅಡ್ಡಬಂದಿತು. ಡಿಸೆಂಬರಿನಲ್ಲಿ 23 ಟೆಸ್ಟುಗಳ ಚೇತನ್ ಶರ್ಮಾ ಬಂದರು. 15 ಟೆಸ್ಟುಗಳ ಜೋಶಿಯವರು ಸದಸ್ಯರಾಗಿ ಉಳಿದರು. 2022ರಲ್ಲಿ ಸಮಿತಿಯನ್ನು ವಜಾಗೊಳಿಸಿದ ಮೇಲೆ, 2023ರಲ್ಲಿ ಪಂಜಾಬ್ ಕಿಂಗ್ಸ್ ತಂಡದ ಹುಡುಗರಿಗೆ ಸ್ಪಿನ್ ಕಲಿಸಲು ಹೊರಟರು.