ಭೂಮಿಯ ಆಕಾರವೂ ಅದರ ಭ್ರಮಣವೂ

ಭೂಮಿಯನ್ನು ‘ಭೂಗೋಳ’ವೆಂದು ಕರೆಯುವುದು ನಮ್ಮಲ್ಲಿ ರೂಢಿ. ಗೋಳವೆಂದ ಮೇಲೆ ಅದರ ಮೇಲ್ಮೈಯ ಬಿಂದುಗಳೆಲ್ಲವೂ ಕೇಂದ್ರದಿಂದ ಸಮದೂರದಲ್ಲಿರಬೇಕಷ್ಟೆ. ಭೂಮಿಯು ಹಾಗಿರುವುದೇ ಎಂಬ ಸಂದೇಹಕ್ಕೆ ಬಲವಾದ ಆಧಾರವನ್ನು ಒದಗಿಸಿದುದು ಒಂದು ಗಡಿಯಾರ.

1672ರಲ್ಲಿ ರಿಶೇ ಎಂಬ ಫ್ರೆಂಚ್ ಜ್ಯೋತಿರ್ವಿದನು ದಕ್ಷಿಣ ಅಮೆರಿಕದ ಕೇಯೆನ್ ಪಟ್ಟಣಕ್ಕೆ ಹೋದನು. ಪ್ಯಾರಿಸಿನಲ್ಲಿ ಸರಿಯಾಗಿ ನಡೆದ ಲೋಲಕದ ಗಡಿಯಾರವು ಭೂಮಧ್ಯರೇಖೆಗೆ ಸಮೀಪವಾದ ಆ ಸ್ಥಳದಲ್ಲಿ ದಿನಕ್ಕೆ ಸುಮಾರು 2½ ನಿಮಿಷ ಹಿಂದೆ ಬೀಳುತ್ತಿದ್ದಿತು. ಲೋಲಕವನ್ನು ತೂಗಿಸುವುದು ಭೂಮಿಯ ಆಕರ್ಷಣವೇ ಆದುದರಿಂದ, ಅಲ್ಲಿ ಪದಾರ್ಥಗಳ ಭಾರವೇ ಕಡಮೆಯೆಂದು ಒಪ್ಪಬೇಕಾಯಿತು.

ಇದರ ಕಾರಣವನ್ನು ನ್ಯೂಟನ್ನನು 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯ’ದಲ್ಲಿ ವಿವರಿಸಿದನು. ಭೂಮಿಯು ತಿರುಗುವಾಗ ಧ್ರುವಗಳು ಇದ್ದೆಡೆಯಲ್ಲಿಯೇ ಇರುತ್ತವೆ. ಮಧ್ಯರೇಖೆಯ ಭಾಗವಾದರೋ ದಿನಕ್ಕೊಂದು ಮಹಾವೃತ್ತವನ್ನು ಸುತ್ತಬೇಕು. ಸುತ್ತುವ ವಸ್ತುವಿಗೆ ಅಕ್ಷದಿಂದ ದೂರ ಸರಿಯುವ ಪ್ರವೃತ್ತಿಯುಂಟು. ಇದರಿಂದ ಮಧ್ಯಭಾಗವು ಉಬ್ಬಿ ಧ್ರುವಗಳು ತಗ್ಗುತ್ತವೆ. ಮಧ್ಯರೇಖೆಯಲ್ಲಿ ಭಾರವು ಕಡಮೆಯಾಗುವುದಕ್ಕೆ ಈ ಪ್ರವೃತ್ತಿಯೂ ಉಬ್ಬೂ ಎರಡೂ ಕಾರಣಗಳು.

ಪ್ಯಾರಿಸಿನ ಕಸ್ಸೀನಿ ಮನೆತನದವರು ಇದನ್ನು ಒಪ್ಪಲಿಲ್ಲ. ಫ್ರಾನ್ಸಿನಲ್ಲಿ ಮಾಡಿದ ಅಳತೆಯಿಂದ, ಭೂಮಿಯು ಧ್ರುವಗಳ ಕಡೆಗೆ ನೀಳವಾಗಿದೆಯೆಂದು ಅವರು ವಾದಿಸಿದರು. ವಿವಾದವನ್ನು ತೀರಿಸಲು ಉಪಾಯವೊಂದಿದ್ದಿತು. ಧ್ರುವನಕ್ಷತ್ರದ ಉನ್ನತಿಯು ಒಂದು ಅಂಶದಷ್ಟು ಹೆಚ್ಚಬೇಕಾದರೆ ಉತ್ತರಕ್ಕೆ ಎಷ್ಟು ದೂರ ನಡೆಯಬೇಕು? ನೆಲವು ಚಪ್ಪಟೆಯಾದಷ್ಟೂ ಅದರ ಬಾಗು ಕಡಮೆ. ಆದುದರಿಂದ ನಡೆಯಬೇಕಾದ ದೂರವು ಹೆಚ್ಚು. ಇದನ್ನು ಅಳೆಯಲು ಫ್ರೆಂಚ್ ವಿಜ್ಞಾನ ಪರಿಷತ್ತು 1735ರಲ್ಲಿ ಬೂಗೇರ್ ಮೊದಲಾದವರನ್ನು ಪೆರುವಿಗೂ 1736ರಲ್ಲಿ ಮೋಪೆರ್ತ್ವೀ ಮೊದಲಾದವರನ್ನು ಲ್ಯಾಪ್‌ಲೆಂಡಿಗೂ ಕಳುಹಿಸಿತು. ಒಂದು ಅಂಶದ ಉದ್ದವು ಫ್ರೆಂಚರ ಅಂದಿನ ‘ತ್ವಾಸ್’ ಮಾನದಲ್ಲಿ ಪೆರುವಿನಲ್ಲಿ ಸುಮಾರು 56,750, ಲ್ಯಾಪ್‌ಲೆಂಡಿನಲ್ಲಿ ಸುಮಾರು 57,440 ಎಂದು ತಿಳಿಯಬಂದಿತು. ನ್ಯೂಟನ್ನನ ಪಕ್ಷವೇ ಗೆದ್ದಿತು.

ಇತರ ಗ್ರಹಗಳೂ ಇದಕ್ಕೆ ಸಾಕ್ಷಿ. ಸುಮಾರು 10½ ಗಂಟೆಗಳಲ್ಲಿ ಒಮ್ಮೆ ತಿರುಗುವ ಶನಿಯ ಧ್ರುವವ್ಯಾಸವು ಮಧ್ಯವ್ಯಾಸಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಮೆ. 243 ದಿನಗಳಿಗೊಮ್ಮೆ ತಿರುಗುವ ಶುಕ್ರವಾದರೋ ಹೆಚ್ಚುಕಡಮೆ ಪೂರ್ಣಗೋಳ. ಹಗುರವಾದ ಅನಿಲಗಳಿಂದಾದ ಶನಿಯು ಸುಲಭವಾಗಿ ಉಬ್ಬುವುದೆಂಬುದನ್ನೂ ಇಲ್ಲಿ ಗಮನಿಸಬೇಕು.

ಭೂಮಿಯ ಮಧ್ಯತ್ರಿಜ್ಯವು 6,378 ಕಿಲೋಮೀಟರು, ಧ್ರುವತ್ರಿಜ್ಯವು 6,357. ಪಾಠಗಳಲ್ಲಿ ಭೂಮಿಗೆ ಕಿತ್ತಳೆಯ ಹಣ್ಣನ್ನು ಹೋಲಿಸುವುದುಂಟು. ಆದರೆ 30 ಸೆಂಟಿಮೀಟರು ವ್ಯಾಸದ ಗೋಳವನ್ನು ಮಾಡಿದರೆ ಧ್ರುವವ್ಯಾಸದಲ್ಲಿ ಕಡಮೆಯಾಗುವುದು ಕೇವಲ 1 ಮಿಲಿಮೀಟರು. ಆದುದರಿಂದ ‘ಭೂಗೋಳ’ವೆಂಬ ಹೆಸರನ್ನು ಬಿಡಬೇಕಾದುದಿಲ್ಲ, ಉಪಮಾನವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಕಣ್ಣಿಗೆ ಕಾಣದ ಆ ಅಲ್ಪ ವ್ಯತ್ಯಾಸವೇ ಭೂಮಿಯು ತಿರುಗುತ್ತಿದೆಯೆಂಬುದಕ್ಕೆ ನೆಲದಲ್ಲಿಯೇ ದೊರೆಯುವ ಪ್ರಮಾಣ.